ತೂಕದ ಕಲ್ಲು

ಹಾಜರಿ ನಲವತ್ತೊಂದು. ಕುರ್ಚಿ ಮೂವತ್ತು.
ನಾಪೋಕ್ಲಿನ ಮೆಣಸು ಸಂಘದ ನಡಾವಳಿ ಪುಸ್ತಕದಲ್ಲಿ
ಇಷ್ಟು ಬರೆದು ನಾನು ಪೆನ್ನು ಎತ್ತುವಷ್ಟರಲ್ಲೇ
ಜಗಳ ಶುರುವಾಗಿತ್ತು.

ಹೊಳೆಯಾಚೆಯ ಒಕ್ಕೂಟ ಬಿಟ್ಟು ಹದಿನಾಲ್ಕು ತಿಂಗಳು.
ಬಿಡುವ ಎಂದು ಕೈ ಎತ್ತಿದ್ದು ಇಪ್ಪತ್ತೆರಡು, ಎತ್ತದ್ದು ಹತ್ತೊಂಬತ್ತು.
ಆ ಸಂಜೆ ಇಬ್ಬರು ಕೋವಿ ಹಾರಿಸಿದರು,
ಏಳು ಮನೆಯವರು ಕಾಫಿ ಮುಟ್ಟದೆ ಎದ್ದು ಹೋದರು.
ನನ್ನ ಕೈ ಪೆನ್ನು ಹಿಡಿದಿತ್ತು.
ಕಾರ್ಯದರ್ಶಿಗೆ ಮತವಿಲ್ಲ.

ಇವತ್ತಿನ ವಿಷಯ: ಸೇತುವೆಯ ಬಿದಿರ ಗೇಟು.
ಅದರಾಚೆ ಗೋದಾಮು, ಗೋದಾಮಿನ ಮುಂದೆ ಕೊಚ್ಚಿಗೆ ಹೋಗುವ ಲಾರಿ.
ಒಳಗಿದ್ದಾಗ ಚೀಲದ ಮೇಲೊಂದು ನೀಲಿ ಮುದ್ರೆ ಬಿದ್ದರೆ ಸಾಕಿತ್ತು.
ಈಗ ಕಿಲೋಗೆ ಮೂರು ರೂಪಾಯಿ, ಹೊರಗಿನವರ ದರ,
ಜೊತೆಗೆ ಹಳದಿ ಕಾಗದ, ಮೂರು ಪ್ರತಿ.

"ಮೂರು ರೂಪಾಯಿ ಬೇಕಾದರೆ ಕೊಡುವ, ಮರ್ಯಾದೆ ಕೊಡುವುದು ಬೇಡ"
ಅಂದ ಬಿದ್ದಪ್ಪ.
"ಮರ್ಯಾದೆ ಕಿಲೋಗೆ ಎಷ್ಟು ನಡೀತದೆ ಈಗ?"
ಕಿಟಕಿಗೆ ಒರಗಿದ್ದ ಮೊಯ್ದು.
ಅದನ್ನು ಬರೆಯಬೇಡ ಅಂದರು. ಬರೆಯಲಿಲ್ಲ.

ನಮ್ಮ ಮೀಟರಿನಲ್ಲಿ ತೇವ ಹನ್ನೊಂದು,
ಗೇಟಿನ ಮೀಟರಿನಲ್ಲಿ ಹದಿಮೂರು.
ಹೊಳೆ ದಾಟುವಾಗ ಮೆಣಸು ಬಗ್ಗಿ ನೀರು ಕುಡೀತದಾ?
ಅವರ ಮೀಟರು ನಾವು ಒಪ್ಪುವುದಾ,
ನಮ್ಮದನ್ನು ಅವರು ಒಪ್ಪುವವರೆಗೆ ಕಾಯುವುದಾ?
ಇದೊಂದಕ್ಕೇ ಮುಕ್ಕಾಲು ಗಂಟೆ.

ಆಮೇಲೆ ಮುತ್ತವ್ವ ಎದ್ದಳು.
ಅವಳ ಬಳ್ಳಿ ಈಚೆ ದಡ, ಒಣಗಿಸುವ ಕಣ ಆಚೆ ದಡ;
ಅವಳ ಅಜ್ಜ ಪಾಲು ಮಾಡುವಾಗ ಗೇಟು ಇರಲಿಲ್ಲ.
"ಹಸಿಯಾಗಿ ಹೋದದ್ದು ಒಣಗಿ ಬಂದರೆ
ಅದು ನಮ್ಮ ಮೆಣಸಾ, ಅವರ ಮೆಣಸಾ?
ಮೂರು ಕಿಲೋ ಹೋಗಿ ಒಂದು ಕಿಲೋ ಬರ್ತದೆ.
ಹೋಗುವಾಗ ಮೂರಕ್ಕೂ ಕಟ್ಟಿದ್ದೇನೆ.
ಆ ಎರಡು ಕಿಲೋದ ಸುಂಕ ನನಗೆ ವಾಪಸು ಕೊಡುವವರು ಯಾರು, ಬಿಸಿಲಾ?"

ಅರ್ಧ ಒಳಗೆ ಅರ್ಧ ಹೊರಗೆ ಇರುವ ಅಂದ ಒಬ್ಬ.
ಮಾಕುಟ್ಟ ಇಳಿದು ಇರಿಟ್ಟಿಗೇ ನೇರ ಮಾರುವ ಅಂದ ಇನ್ನೊಬ್ಬ.
"ಇರಿಟ್ಟಿಯಲ್ಲಿ ನನ್ನ ಅಳಿಯನೇ ಇದ್ದಾನೆ,
ಅವನೂ ಮುದ್ರೆ ಕೇಳ್ತಾನೆ" ಅಂದ ಮೊಯ್ದು.
ಒಕ್ಕ ಬೇರೆಯಾದರೂ ಐನ್‌ಮನೆಯ ದೀಪ ಒಂದೇ ಅಲ್ಲವಾ
ಎಂದರು ಹಿರಿಯರಾದ ಚಿಟ್ಟಿಯಪ್ಪ.
ಆ ದೀಪದ ಎಣ್ಣೆಯನ್ನು ಹನ್ನೊಂದು ಮನೆಗೆ ಭಾಗಿಸಿ
ಲೆಕ್ಕ ಬರೆದವಳು ನಾನೇ.
ಸುಮ್ಮನಿದ್ದೆ.

ಇತರೆ ವಿಷಯಗಳು.
ಒಕ್ಕೂಟದಿಂದ ಬಂದ ಕಾಗದ ಓದಿದೆ:
ತಮ್ಮಲ್ಲಿ ಉಳಿದಿರುವ, ಸರಕಾರಿ ಮುದ್ರೆಯುಳ್ಳ,
ನಮ್ಮ ಐದು ಕಿಲೋ ತೂಕದ ಕಲ್ಲನ್ನು ಸೋಮವಾರದೊಳಗೆ ಹಿಂದಿರುಗಿಸುವುದು.

ಫ್ಯಾನಿನ ಸದ್ದು ಕೇಳಿತು.
ಕಬ್ಬಿಣದ್ದಾದರೂ ನಾವದನ್ನು ಕಲ್ಲು ಅಂತಲೇ ಕರೆಯುವುದು.
ಹದಿನಾಲ್ಕು ತಿಂಗಳು ಒಂದೊಂದು ಚೀಲವನ್ನೂ
ಅದರೆದುರೇ ಇಟ್ಟು ತೂಗಿದ್ದೆವು.

ಸೋಮವಾರ, ಬ್ಯಾಗಿನಲ್ಲಿ ಕಲ್ಲು, ಸೇತುವೆಯ ಮೇಲೆ ನಾನು.
ಗೇಟಿನ ಕುಟ್ಟಪ್ಪ ನನ್ನ ಜೊತೆ ಐದನೇ ಕ್ಲಾಸಿನಲ್ಲಿದ್ದವನು.
ಹಳದಿ ಕಾಗದ ತೆಗೆದ. ವಸ್ತು: ಕಲ್ಲು.
ತೂಕ ಎಂಬಲ್ಲಿ ನಿಂತ.
"ನಿಯಮ ಅಕ್ಕಾ, ತೂಗದೆ ಬರೆಯುವ ಹಾಗಿಲ್ಲ."

ಅವರ ಹೊಸ ಯಂತ್ರದಲ್ಲಿ ಕೆಂಪು ಅಂಕಿ ಓಡಾಡಿ ನಿಂತಿತು:
ನಾಲ್ಕು ಕಿಲೋ ಒಂಬೈನೂರ ನಲವತ್ತು.

"ಕಡಿಮೆ ಬಂತಲ್ಲ" ಅಂದ.
"ಯಾವುದು?" ಅಂದೆ.
ಕಲ್ಲು ನೋಡಿದ. ಯಂತ್ರ ನೋಡಿದ.
ಗೋದಾಮಿನ ಕಡೆ ಯಾರಾದರೂ ಬರುತ್ತಿದ್ದಾರಾ ಎಂದು ನೋಡಿದ.
ಐದು ಅಂತಲೇ ಬರೆದ.

ಹದಿನೈದು ರೂಪಾಯಿ ಸುಂಕ.
ಇಪ್ಪತ್ತರ ನೋಟು ಕೊಟ್ಟೆ, ಅವನಲ್ಲಿ ಚಿಲ್ಲರೆ ಇರಲಿಲ್ಲ.
ಒಕ್ಕೂಟದಿಂದ ಸಂಘಕ್ಕೆ ಬರಬೇಕಾದದ್ದು, ಐದು ರೂಪಾಯಿ.
ಎರಡು ದಿನದಿಂದ ಪುಸ್ತಕ ತೆರೆದಿಟ್ಟು ಕೂತಿದ್ದೇನೆ,
ಯಾವ ಕಲಮಿನಲ್ಲಿ ಬರೆಯುವುದೋ ತಿಳಿಯದೆ.