ತೇಲಬಾರದ್ದು

ಮಳೆಗೆ ಇನ್ನು ಇಪ್ಪತ್ತು ದಿನ. ಬೈತಖೋಲದ ನನ್ನ ಶೆಡ್ಡಿನಲ್ಲಿ
ಹೊಟ್ಟೆ ಒಡೆದ ಎರಡು ದೋಣಿಗಳ ನಡುವೆ
ಕಾರೊಂದು ಬಂದು ನಿಂತಿತು. ಎಷ್ಟು ತಗ್ಗೆಂದರೆ
ನಾಯಿ ಅಡಿಗೆ ನುಸುಳಲಾರದೆ ವಾಪಸಾಯಿತು.

ಅಂಕೋಲೆಯ ಹಲ್ಲಿನ ಡಾಕ್ಟರು, ಗುನಗಾ.
"ನಾನೂ ಅಚ್ಚು ತೆಗೆಯುವವನೇ ತಾಂಡೇಲರೇ,
ನನ್ನದು ಬಾಯೊಳಗೆ, ಅಷ್ಟೇ."
ನೂರ ನಲವತ್ತು ದಾಟಿದರೆ ಮೂತಿ ಹಗುರಾಗುತ್ತದಂತೆ,
ಸ್ಟೇರಿಂಗು ಕೈಯಲ್ಲಿ ಇದ್ದೂ ಇಲ್ಲದಂತೆ.
ಮುಂದೊಂದು ತುಟಿ ಬೇಕು, ಹಿಂದೊಂದು ರೆಕ್ಕೆ,
ಹಾರದಿರಲಿಕ್ಕೆ.

ಇಪ್ಪತ್ತಾರು ವರ್ಷ ನಾನು ಮಾಡಿದ್ದೆಲ್ಲ ಮುಳುಗದಿರಲೆಂದು.
ನೀರು ಎತ್ತಿ ಹಿಡಿಯಬೇಕು, ಅದಕ್ಕೇ ತಳದ ಆ ಬಾಗು;
ಅಪ್ಪ ಹಲಸಿನ ಹಲಗೆಯಲ್ಲಿ ಕಂಡುಕೊಂಡದ್ದನ್ನು
ನಾನು ಫೈಬರಿಗೆ ಇಳಿಸಿದವನು.
ಈಗ ಅದೇ ಬಾಗನ್ನು ತಲೆಕೆಳಗು ಮಾಡಿ
ಗಾಳಿಗೆ ಹೇಳಬೇಕಿತ್ತು: ಒತ್ತು.

ಪ್ಲೈವುಡ್ಡಿನ ಪಕ್ಕೆಲುಬು, ಮೇಲೆ ಪುಟ್ಟಿ, ಏಳು ಸಲ ಮೇಣ.
ಗಾಜಿನ ಚಾಪೆ ಮೂರು ಪದರ, ರೆಸಿನ್, ರೋಲರು,
ಗುಳ್ಳೆ ಕಂಡಲ್ಲೆಲ್ಲ ಕುಂಚದ ತುದಿಯ ಕುಟ್ಟು.
ಸೆಕೆಗೆ ಹಾರ್ಡನರ್ ತುಸು ಹೆಚ್ಚಾಗಿ
ಮೊದಲ ರೆಕ್ಕೆ ಡಬ್ಬಿಯೊಳಗೇ ಹೊಗೆಯಾಡಿ ಕಲ್ಲಾಯಿತು.
ರಾತ್ರಿ ಮೊಣಕೈ ತನಕ ತುರಿಕೆ. ಎಣ್ಣೆ ಹಚ್ಚುತ್ತ ಸುಲಕ್ಷಾ:
"ದೋಣಿಯಾದರೆ ಮೀನಾದರೂ ತಂದೀತು."

ಗಾಳಿ ಕಣ್ಣಿಗೆ ಕಾಣುವುದಿಲ್ಲವಲ್ಲ; ನೀರಾದರೆ ನೊರೆ ಹೇಳುತ್ತದೆ.
ಅವಳೇ ಬಲೆ ಹೆಣೆಯುವ ಕೆಂಪು ನೂಲನ್ನು
ಗೇಣುದ್ದ ಗೇಣುದ್ದ ಕತ್ತರಿಸಿ ಕೊಟ್ಟಳು.
ಇನ್ನೂರು ನೂಲು, ಟೇಪು ಹಾಕಿ ಅಂಟಿಸಿದೆವು,
ಕಾರಿಗೆ ದಡಾರ ಎದ್ದ ಹಾಗೆ.

ಬೆಳಗಿನ ಐದೂವರೆ. ಅಮದಳ್ಳಿ ಕಡೆಯ ಖಾಲಿ ರಸ್ತೆ.
ಮೀನಿನ ಟೆಂಪೊದಲ್ಲಿ ನಾನು, ಪಕ್ಕಕ್ಕೆ ಡಾಕ್ಟರು, ಎಂಬತ್ತರಲ್ಲಿ.
ಮೂತಿಯ ಮೇಲೆ ನೂಲೆಲ್ಲ ಬಾಚಿದ ಕೂದಲು.
ಬಾಗಿಲ ಮೇಲೆ ಸಾಲಾಗಿ ಹಿಂದಕ್ಕೆ,
ಇಳಿತದಲ್ಲಿ ಬಂಡೆಯ ಪಾಚಿ ಮಲಗಿದಂತೆ.
ರೆಕ್ಕೆಯಡಿ, ಎಡಕ್ಕೆ, ಏಳೆಂಟು ಮಾತ್ರ
ತಿರುಗಿ ಬಿದ್ದು
ಮುಂದಕ್ಕೆ ನೋಡುತ್ತಿದ್ದವು.
ಅಲ್ಲಿ ಸುಳಿ. ಕಾಳಿ ಕಡಲಿಗೆ ಬೀಳುವಲ್ಲಿ
ಹುಟ್ಟು ತಡೆದು ಅಪ್ಪ ತೋರಿಸಿದ್ದನಲ್ಲ,
ಅದರದೇ ತಮ್ಮ.
ಗಾಳಿಯ ಪರಿಚಯ ನನಗಾದದ್ದು ಆಗ.

ಎರಡು ಬೆರಳಗಲ ಉಜ್ಜಿ ತೆಗೆದೆ. ನೂಲು ಸುಮ್ಮನಾಯಿತು.
ಡಾಕ್ಟರು ದುಡ್ಡು ಕೊಟ್ಟರು; ಮೇಲೆ
ಸುಲಕ್ಷಾಳ ದವಡೆಹಲ್ಲಿಗೆ ಪುಕ್ಕಟೆ ಟೊಪ್ಪಿ.

ಸಂಜೆ ದೇವು ಮೇತ್ರಿ ಬಂದು ಬೈದ:
ಬಂದರಿಗೆ ಬೀಗ ಬೀಳುತ್ತ ಬಂತು, ನನ್ನ ದೋಣಿ ಹಾಗೇ ಇದೆ.
ಅದರ ತಳಕ್ಕೆ ಅಂಗೈ ಇಟ್ಟೆ.
ಇದು ತೇಲಬೇಕಾದ್ದು, ಇದು ತೇಲಬೇಕಾದ್ದು,
ಎರಡೆರಡು ಸಲ ಹೇಳಿಕೊಂಡು
ಪುಟ್ಟಿ ಕಲಸಿದೆ.