ಸೆರಗು ಎಲ್ಲೈತಿ

ಕೊಪ್ಪೀಕರ ರೋಡಿನ ಅಂಗಡಿಯಂವ
ಮೂರು ಕಟ್ಟಿಗಿ ಗಿಟಾರ ಇಳಿಸಿ ತೋರಿಸಿದ.
ಒಂದು ಕೆಂಪು, ಒಂದು ಜೇನಿನ ಬಣ್ಣ,
ಇನ್ನೊಂದು ಬೀಗರ ಮನಿ ಮಂಚದ ಹಂಗ ಮಿರಮಿರ.
ನನ್ನ ಕಣ್ಣು ಗ್ವಾಡಿ ಮ್ಯಾಲಿನ ಕರೇದಕ್ಕ ನೆಟ್ಟಿತ್ತು.
"ಅದು ಕಾರ್ಬನ್ ಫೈಬರ್ರೀ ಅಕ್ಕಾರ,
ಹೊಸದಾಗಿ ಕಲಿಯಾವ್ರಿಗೆ ಯಾಕ?"
ನಾ ಹತ್ರ ಹೋದೆ.
ಎರಡು ಎಳಿ ಮ್ಯಾಲ, ಎರಡು ಎಳಿ ಕೆಳಗ,
ಒಂದು ಹೆಜ್ಜಿ ಸರದು
ಮತ್ತ ಎರಡು ಮ್ಯಾಲ.
ಓರೆ ನೇಯ್ಗಿ.
ಯಾರೋ ನೇಯ್ದಾರ ಇದನ್ನ.

ಹದಿನೆಂಟು ತಿಂಗಳ ಚೀಟಿ ರೊಕ್ಕ
ಅಲ್ಲೇ ಎಣಿಸಿಕೊಟ್ಟೆ.

ಗದಗಿನ ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡ್ರ
ಭಾರನ ಇಲ್ಲ.
ಖಾಲಿ ಚೀಲ ಕೊಟ್ಟಾನೇನೋ ಅಂತ
ಅಣ್ಣಿಗೇರಿ ದಾಟೂದ್ರಾಗ
ಎರಡು ಸಲ ಜಿಪ್ಪು ಎಳದು ನೋಡಿದೆ.
ಬಾಜೂ ಕುಂತಾಕಿ "ಮಗಂದೇನ್ರಿ?" ಅಂದ್ಲು.
"ನಂದ."
ಆಕಿ ನನ್ನ ಬೈತಲಿ ಬಿಳಿ ಕೂದಲಾ ನೋಡಿ
ಕಿಟಕಿ ಕಡೆ ತಿರುಗಿದಳು.
ಹೊರಗ ಮೆಣಸಿನಕಾಯಿ ಹೊಲ, ಮತ್ತ ಮೆಣಸಿನಕಾಯಿ ಹೊಲ.

ಬೆಟಗೇರ್ಯಾಗ, ನಮ್ಮ ಪಡಸಾಲ್ಯಾಗ,
ಅವ್ವ ಬನಶಂಕ್ರವ್ವ ರಾಟಿ ಬಿಟ್ಟು ಕೈ ಚಾಚಿದಳು.
ಕಣ್ಣು ಮಸುಕು. ಹೆಬ್ಬೆಟ್ಟಿಲೆ ಸೀರಿ ಓದಾಕಿ.
ಗಿಟಾರದ ಎದಿ ಸವರಿದಳು, ಬೆನ್ನು ಸವರಿದಳು,
ಮೂಗಿನ ಹತ್ರ ಹಿಡದಳು.
ಕಟ್ಟಿಗಿ ವಾಸನಿ ಇಲ್ಲ. ಗಂಜಿ ವಾಸನಿ ಇಲ್ಲ.
ಹೊಸ ಬಕೀಟಿನ ವಾಸನಿ, ಅದೂ ಒಂಚೂರು.
"ನೇಯ್ಗಿ ಅಂತೀ, ಕೈಗೆ ಸಿಗವಲ್ದು.
ಗಾಜಿನ ತಳಗ ಹಾಕ್ಯಾರಲ್ಲ ನೂಲು.
ಅಂಚು ಎಲ್ಲೈತಿ ಇದರದು?
ಸೆರಗು?"
ಕತ್ತಿನ ಬುಡಕ್ಕ ಹುಡುಕಿದೆ,
ತಿರುವೋ ಗುಂಡಿ ಸುತ್ತ ಹುಡುಕಿದೆ.
ಎಲ್ಲಿ ಶುರು ಆಗೇತಿ, ಎಲ್ಲಿ ಕೊಯ್ದಾರ,
ಒಂದು ಗಂಟು ಸುದ್ದಾ ಕಾಣಲಿಲ್ಲ.

ಜಯರಾಜ ಮಾಸ್ತರ ನನ್ನ ಅರ್ಧ ವಯಸ್ಸಿನ ಹುಡುಗ,
ಐತವಾರ ಚರ್ಚಿನ್ಯಾಗ ಬಾರಸ್ತಾನ.
"ಇಲ್ಲೊಂದು ಬೆರಳು, ಇಲ್ಲೊಂದು. ಎರಡ ಸಾಕ್ರಿ.
ಇದಕ್ಕ ಇ ಮೈನರ್ ಅಂತಾರ."
ತಂತಿ ಬೆರಳಿಗೆ ಕಚ್ಚಿತು.
"ತಿಂಗಳೊಪ್ಪತ್ತಿನ್ಯಾಗ ಚರ್ಮ ಗಟ್ಟಿ ಆಗ್ತೈತ್ರಿ."
ನಾ ನಕ್ಕೆ. ಕೈ ಬಿಚ್ಚಿ ತೋರಿಸಿದೆ:
ಇಪ್ಪತ್ತಾರು ವರ್ಷ ಲಾಳಿ ಹಗ್ಗ ಜಗ್ಗಿದ ಗಂಟು, ನಾಕೂ ಬೆರಳಿಗೆ.
ಹುಡುಗ ಮುಟ್ಟಿ ನೋಡಿ, ನಾಚಿ, ಹೇಳಿದ,
"ಇದು ಬಲಗೈ ಆತ್ರಿ.
ಎಡಗೈ ಬೇಕು."

ಬೇರೆ ಜಾಗಾ ಇಲ್ಲ ಮನ್ಯಾಗ.
ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟು ಕುಂತು ಬಾರಸ್ತೀನಿ.
ಕಾಲು ಸುಮ್ಮನಿರೂದಿಲ್ಲ,
ಎಡ ತುಳಿ, ಬಲ ತುಳಿ, ತಾಳ ತಾವ ಹಾಕ್ತಾವು.
ಆರು ಎಳಿ ಹಾಸು ಐತಿ ಮುಂದ.
ಹೊಕ್ಕು ಹೊಡಿಯೂದು ಹೆಂಗಂತ
ಇನ್ನೂ ತಿಳಿದಿಲ್ಲ.

ವೈರು ಚುಚ್ಚಿ ಡಬ್ಬಿ ಚಾಲೂ ಮಾಡಿದ್ರ ಗುಂಯ್ ಅಂತೈತಿ.
ಆದ್ರ ಓಣಿ ತುಂಬ ಹದಿನಾಕು ಪಾವರಲೂಮು,
ಖಟಪಟ ಖಟಪಟ.
ನಾ ತಪ್ಪು ಬಾರಿಸಿದ್ದು ಯಾರಿಗೂ ಕೇಳೂದಿಲ್ಲ,
ನನಗೂ.

ಮೊನ್ನೆ ನಾಕರ ಸುಮಾರಿಗೆ ಕರೆಂಟು ಹೋತು.
ಒಂದೊಂದ ಮಗ್ಗ ನಿಂತು, ಕಡೀಕ ಎಲ್ಲಾ ನಿಂತು,
ಓಣಿ ಕಿವಿ ತೊಳಕೊಂಡಂಗ ಆತು.
ಡಬ್ಬಿ ಸತ್ತಿತ್ತು. ಬೆರಳು ತಂತಿ ಮ್ಯಾಲೇ ಇತ್ತು.
ಮೀಟಿದೆ.
ಸೊಳ್ಳಿ ದೂರದಾಗ ಹಾಡಿದಷ್ಟು ಸಪ್ಪಳ,
ಮೈಯೊಳಗ ಗಾಳಿ ಇಲ್ಲದ ಕರೇದರ
ಸ್ವಂತ ದನಿ.

ಕಂಡಿಕಿ ಸುತ್ತೂದು ನಿಲ್ಲಿಸಿ
ಅವ್ವ ತಲಿ ಎತ್ತಿದಳು.
"ಒಂದೆಳಿ ಸಡ್ಲ ಐತಿ ನೋಡು."
ಯಾವ್ದು?
"ನಡುವಿಂದು. ಹಾಂ, ಅದ. ಬಿಗಿ ಮಾಡು."
ತಿರುವಿದೆ.
"ಇನ್ನೊಂಚೂರು."
ತಿರುವಿ ಮೀಟಿದೆ. ಮೀಟಿ ತಿರುವಿದೆ.
"ಸಾಕು ಸಾಕು, ಹರದೀತು."

ಆಮ್ಯಾಲ ಕರೆಂಟು ಬಂತು,
ಓಣಿ ಎದ್ದು ಕುಂತಿತು.
ಅವ್ವ ಏನೋ ಅಂದ್ಲು, ತುಟಿ ಅಲಗಿದ್ದಷ್ಟ ಕಂಡಿತು.
ಸೆರಗಿನ ಮಾತ ಇರಬೇಕು.