ಮೂರನೇ ಕೀಲು

ಮಂಚ ಒಳಗೆ ಹಿಡಿಸಲಿಲ್ಲ.
ಆಸ್ಪತ್ರೆಯ ಮಂಚ, ಎರಡೂ ಪಕ್ಕ ಕಬ್ಬಿಣದ ಕಂಬಿ,
ಬೆಳಗಿನ ಫೆರಿಯಲ್ಲಿ ಮೀನಿನ ಪೆಟ್ಟಿಗೆಗಳ ಜೊತೆ
ಫೋಗೊ ದ್ವೀಪಕ್ಕೆ ಬಂದಿಳಿದದ್ದು.
ಗಾರ್ಲೆಂಡ್ ಓರೆ ಮಾಡಿದ, ಎತ್ತಿದ, ಬೈದ.
ಎರಡು ಬೆರಳಷ್ಟು ಸಾಲದು.

ಕುರ್ಚಿಯಿಂದಲೇ ಎಲ್ಡ್ರೆಡ್ ಅಂದ,
"ಬಾಗಿಲು ಕಳಚಿ."
ಅವನೇ ಕೂಡಿಸಿದ ಬಾಗಿಲು. ಮದುವೆಯ ಮರುವರ್ಷ,
ಒಡೆದ ದೋಣಿಯೊಂದರ ಹಲಗೆ ತಂದು.
ಮಂಜು ಕವಿದ ದಿನ ಈಗಲೂ ಉಬ್ಬಿಕೊಂಡು
ಉಪ್ಪಿನ ವಾಸನೆ ಬಿಡುತ್ತದೆ.

ಹೋದ ಗುರುವಾರ ಗ್ಯಾಂಡರಿನಲ್ಲಿ
ಇನ್ನೊಂದು ಸುತ್ತು ಕೀಮೋ ನೋಡಬಹುದು ಅಂದರು ಡಾಕ್ಟರು.
ಇವನು ಕೇಳಿದ್ದು ಒಂದೇ ಮಾತು:
"ಆಮೇಲೆ ಆಲೂಗಡ್ಡೆಯ ರುಚಿ ತಿಳಿಯುತ್ತದೋ?"
ಅವರು ಕಿಟಕಿಯ ಕಡೆ ನೋಡಿದರು.
ನಾನು ಕಾರಿಡಾರಿನಲ್ಲೇ ಜಗಳಕ್ಕೆ ನಿಂತೆ.
ಹೇಡಿ ಅಂದೆ,
ನಲವತ್ತೊಂದು ವರ್ಷದಲ್ಲಿ ಮೊದಲ ಸಲ.
ಅವನು ಬಗ್ಗಿ ನನ್ನ ಕೋಟಿನ ಗುಂಡಿ ಹಾಕಿದ,
ತಪ್ಪು ಕಾಜಕ್ಕೆ.
ಊರು ಮುಟ್ಟುವವರೆಗೂ ಅದನ್ನು ನಾನು ಸರಿಮಾಡಿಕೊಳ್ಳಲಿಲ್ಲ.

ಸಹಿ ಅವನದು. ಸಾಕ್ಷಿ ನಾನು.
ನಡುಗುವ ಕೈಗೆ ಪೆನ್ನು ಹಿಡಿಸಿದವಳೂ ನಾನೇ.
ಹಾಸ್ಪೈಸಿನ ನರ್ಸ್ ಫಿಲೊಮಿನಾ
ಫ್ರಿಜ್ಜಿನ ಮೇಲೆ ಹಳದಿ ಕಾಗದ ಅಂಟಿಸಿದಳು,
ಉಸಿರು ನಿಂತರೆ ಎದೆ ಒತ್ತಬೇಡಿ ಎಂದು.
ಅಲ್ಲಿದ್ದದ್ದು ಭರತ ಇಳಿತದ ಪಟ್ಟಿ.
"ಇದನ್ನೆಲ್ಲಿಡಲಿ?" ಅಂದಳು.
ತೋಚದೆ ಏಪ್ರನ್ನಿನ ಜೇಬಿಗೆ ತುರುಕಿಕೊಂಡೆ.

ಬೆಣ್ಣೆಯ ತಟ್ಟೆಯ ಪಕ್ಕದಲ್ಲೇ ಈಗ ಮಾರ್ಫಿನ್ನಿನ ಪುಟ್ಟ ಸೀಸೆ,
ಸೂಜಿಯಿಲ್ಲದ ಸಿರಿಂಜು.
ಹೆದರಿದ್ದೆ ನಾನು, ಅದು ಅವನನ್ನು ಒಯ್ದುಬಿಡುತ್ತದೆಂದು.
ಕೆಟಲ್ ಎರಡು ಸಲ ಕುದಿಯುವಷ್ಟರಲ್ಲಿ
ಅವನ ಹುಬ್ಬಿನ ಗಂಟು ಬಿಚ್ಚಿತು.
ಫೆಬ್ರವರಿಯಿಂದ ಆ ಮುಖ ಎಲ್ಲಿತ್ತೋ.
ಅರ್ಧ ಆಲೂಗಡ್ಡೆ ತಿಂದ. ಉಪ್ಪು ಸಾಲದು ಅಂದ.

ಅಡುಗೆಮನೆಗೂ ಅವನಿಗೂ ನಡುವೆ ಬಾಗಿಲಿಲ್ಲ.
ಅವನ ಉಸಿರು ಒಲೆಯವರೆಗೆ ಬರುತ್ತದೆ,
ನನ್ನ ಈರುಳ್ಳಿಯ ಹೊಗೆ ಮಂಚದವರೆಗೆ.
ನಡುರಾತ್ರಿ ಕರೆದ.
"ಕೀಲಿನ ಮೊಳೆ ಎಲ್ಲಿಟ್ಟೆ?"
ಜಾಮಿನ ಜಾಡಿಯಲ್ಲಿ.
"ಎಣಿಸಿದೆಯಾ?"
ಮೂರು.
"ಮತ್ತೆ ಕೂಡಿಸುವಾಗ ಮೇಲಿನದು ಮೊದಲು.
ಮೂರನೆಯದು ಮೊಂಡ, ಬೆಣ್ಣೆ ಸವರು, ತಾನೇ ಇಳಿಯುತ್ತದೆ.
ಗಾರ್ಲೆಂಡನ ಕೈಗೆ ಕೊಡಬೇಡ.
ಅವನು ಬಡಿಯುತ್ತಾನೆ."